ಸುಗ್ಗಿಯಲ್ಲಿ ಕೂಡಿಟ್ಟ ಬಾಳು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ—ವಿಜಯಪುರ ಜಿಲ್ಲೆಯ ಈ ಊರುಗಳ ಹೆಸರು ಕಿವಿಗೆ ಬಿದ್ದೊಡನೆ ದೂರದ ವಾಚಕರ ಕಣ್ಣ ಮುಂದೆ ಬರಗಾಲದ ಚಿತ್ರವೊಂದು ನಿಲ್ಲುತ್ತದೆ. ಬಿರುಕು ಬಿಟ್ಟ ಎರೆಭೂಮಿ, ಬತ್ತಿದ ಹಳ್ಳ, ಗಂಟುಮೂಟೆ ಹೊತ್ತು ಗುಳೆ ಹೊರಟ ಸಂಸಾರ. ಆ ಚಿತ್ರದ ಕೆಳಗೆ ಒಂದು ಹೊಗಳಿಕೆಯ ಮಾತೂ ಬರೆದಿರುತ್ತದೆ: ‘ಇವರು ಗಟ್ಟಿ ಜನ, ಏನು ಬಂದರೂ ತಾಳಿಕೊಳ್ಳುತ್ತಾರೆ.’ ಈ ಹೊಗಳಿಕೆಯನ್ನು ನಾನು ಅನೇಕ ಸಲ ಕೇಳಿದ್ದೇನೆ. ಅದರಲ್ಲಿ ಸುಳ್ಳಿಲ್ಲ. ಆದರೆ ಪೂರ್ಣ ಸತ್ಯವೂ ಇಲ್ಲವೆಂದೇ ನನ್ನ ಅನಿಸಿಕೆ. ತಾಳಿಕೆಯೆಂಬುದು ಇಲ್ಲಿಯ ಜನರ ರಕ್ತದಲ್ಲಿ ತಾನಾಗಿ ಹರಿದು ಬಂದ ಗುಣವಲ್ಲ. ಕಷ್ಟ ಬಂದ ದಿನ ಎದೆಯಲ್ಲಿ ದಿಢೀರನೆ ಹುಟ್ಟುವ ಶಕ್ತಿಯೂ ಅಲ್ಲ. ಅದು ಸುಗ್ಗಿಯ ದಿನಗಳಲ್ಲಿ, ಹತ್ತು ಕೈ ಸೇರಿ, ಕೂಡಿಟ್ಟ ಆಸ್ತಿ. ಈ ಮಾತನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ.

ಮೊದಲು ನೆಲದ ಮಾತು. ವರ್ಷದಲ್ಲಿ ಇಲ್ಲಿ ಬೀಳುವ ಮಳೆ ಕಡಮೆ. ಅದೂ ಹೇಳಿದ ಹೊತ್ತಿಗೆ ಬರುವುದಿಲ್ಲ. ಹೀಗಿರಲು ಒಕ್ಕಲಿಗನು ಮುಂಗಾರಿಯೊಂದನ್ನೇ ನಂಬಿ ಕುಳಿತುಕೊಳ್ಳಲಿಲ್ಲ. ಎರೆಮಣ್ಣು ಕುಡಿದು ಒಳಗಿರಿಸಿಕೊಂಡ ನೀರಿನ ಮೇಲೆ ಹಿಂಗಾರಿ ಬಿಳಿಜೋಳ ಬಿತ್ತಿದನು. ಜೋಳದ ಜೊತೆಗೆ ಕುಸುಬೆಯನ್ನೂ ಕಡಲೆಯನ್ನೂ ಹಾಕಿದನು. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿದೀತೆಂಬ ಲೆಕ್ಕ ಅವನದು. ಇಳಿಜಾರಿಗೆ ಒಡ್ಡು ಹಾಕಿ ಮಣ್ಣನ್ನೂ ನೀರನ್ನೂ ತಡೆದನು. 1933ರಲ್ಲಿ ಸೊಲ್ಲಾಪುರ, ವಿಜಾಪುರಗಳಲ್ಲಿ ಒಣಬೇಸಾಯದ ಸಂಶೋಧನೆ ಆರಂಭವಾದಾಗ ವಿಜ್ಞಾನಿಗಳು ಕೈಗೆತ್ತಿಕೊಂಡುದೂ ಬಹುಮಟ್ಟಿಗೆ ಇದೇ ಪ್ರಶ್ನೆಯನ್ನು: ಬಿದ್ದ ಹನಿಯನ್ನು ಬಿದ್ದಲ್ಲಿಯೇ ನಿಲ್ಲಿಸುವುದು ಹೇಗೆ?

ಬೆಳೆದುದನ್ನೆಲ್ಲ ಅವನು ಉಣ್ಣಲೂ ಇಲ್ಲ, ಮಾರಲೂ ಇಲ್ಲ. ನೆಲದೊಳಗೆ ಹಗೇವು ತೋಡಿ, ಸುತ್ತಲೂ ಒಣಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಮಣ್ಣು ಮುಚ್ಚಿದನು. ಗಾಳಿಯಾಡದ ಆ ಕತ್ತಲೆಯಲ್ಲಿ ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಹಗೇವು ತೆರೆದ ಕೂಡಲೆ ಯಾರೂ ಕೆಳಗಿಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೊರಗೆ ಹೋಗುವವರೆಗೆ ಕಾಯುತ್ತಿದ್ದರು. ಅನ್ನವನ್ನು ತೆಗೆಯುವುದಕ್ಕೂ ಒಂದು ಎಚ್ಚರ ಬೇಕೆಂಬ ಈ ಶಿಸ್ತನ್ನು ಯಾವ ಶಾಲೆಯೂ ಅವರಿಗೆ ಕಲಿಸಿರಲಿಲ್ಲ. ಬರ ಬಂದೇ ಬರುತ್ತದೆಂಬ ಅರಿವಿನ ಮೇಲೆ ಕಟ್ಟಿದ ಬಾಳು ಅದು. ಆದರೆ ಆ ಅರಿವು ಅವರನ್ನು ಕಹಿಯಾಗಿಸಲಿಲ್ಲ. ಎಳ್ಳ ಅಮಾವಾಸ್ಯೆಯಂದು ಸಜ್ಜೆ ರೊಟ್ಟಿ, ಪುಂಡಿಪಲ್ಯಗಳ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ನೆರೆಹೊರೆಯವರನ್ನೂ ಕರೆದು ಉಣ್ಣುವ ಜನ ಇವರು. ನೆಮ್ಮದಿಯನ್ನು ಒಳ್ಳೆಯ ಕಾಲ ಬರಲೆಂದು ಮುಂದಕ್ಕೆ ಹಾಕಿದವರಲ್ಲ.

ಈ ಸೀಮೆಯ ನದಿಗಳೂ ಸರಳ ಸ್ವಭಾವದವಲ್ಲ. ಜತ್ತ ಸೀಮೆಯಲ್ಲಿ ಹುಟ್ಟಿ, ಹಿಂದೆ ಮುದ್ದೇಬಿಹಾಳ ತಾಲೂಕಿಗೆ ಸೇರಿದ್ದ ತಾಳಿಕೋಟೆಯ ಬದಿಗೆ ಹರಿದು, ಕೃಷ್ಣೆಯನ್ನು ಸೇರುವ ಡೋಣಿಯ ನೀರು ಉಪ್ಪು, ಕುಡಿಯಲು ಬಾರದು. ಆದರೆ ಅದರ ದಂಡೆಯ ಮಣ್ಣು ಚಿನ್ನ. ಡೋಣಿ ಹರಿದರೆ ಓಣಿಯೆಲ್ಲ ಜೋಳವೆಂಬ ಗಾದೆಯನ್ನು ಇಲ್ಲಿ ಮಕ್ಕಳೂ ಬಲ್ಲರು. ಅದೇ ಡೋಣಿ ತುಂಬಿ ಬಂದರೆ ದಾರಿ ಕಟ್ಟುತ್ತದೆ, ಬೆಳೆ ನುಂಗುತ್ತದೆ. ಭೀಮೆಯ ಮಾತೂ ಹಾಗೆಯೇ. ಬೇಸಗೆಯಲ್ಲಿ ಮರಳು ತೋರಿಸುವ ಆ ನದಿ 2020ರ ಅಕ್ಟೋಬರದಲ್ಲಿ ಇಂಡಿ, ಸಿಂದಗಿ ಕಡೆಯ ದಂಡೆಯ ಹಳ್ಳಿಗಳಿಗೆ ನುಗ್ಗಿತು. ಸುಮಾರು ಮೂರು ವರ್ಷ ಕಳೆದಾಗ, 2023ರಲ್ಲಿ, ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸಾರಬೇಕಾಯಿತು. ನೀರಿಲ್ಲದ ಕಷ್ಟವೂ ನೀರು ಹೆಚ್ಚಾದ ಕಷ್ಟವೂ ಒಂದೇ ಮನೆಯ ಬಾಗಿಲನ್ನು ಸರದಿಯ ಮೇಲೆ ತಟ್ಟುತ್ತವೆ.

ಅಂಥ ಹೊತ್ತಿನಲ್ಲಿ ಮನುಷ್ಯನನ್ನು ಉಳಿಸುವುದು ಯಾವುದು? 2019ರಲ್ಲಿ ಕೃಷ್ಣೆಯ ದಂಡೆ ನೆರೆಗೆ ಸಿಕ್ಕಾಗ ಉತ್ತರ ಕರ್ನಾಟಕದ ಮನೆಮನೆಗಳಿಂದ ಒಣರೊಟ್ಟಿ, ಶೇಂಗಾ ಚಟ್ನಿಗಳ ಗಂಟುಗಳು ಹೊರಟುದನ್ನು ನಾವೆಲ್ಲ ಕಂಡೆವು. ತಿಂಗಳುಗಟ್ಟಲೆ ಕೆಡದ ಕಟಕ ರೊಟ್ಟಿಯನ್ನು ಕಂಡುಹಿಡಿದುದು ಬರದ ನಾಡಿನ ಬಡತನ. ಅದನ್ನು ನೆರೆಯೂರಿಗೆ ಒಯ್ದುದು ಅದೇ ನಾಡಿನ ಸಿರಿವಂತಿಕೆ. ಬಿತ್ತನೆಗೆ, ಕೊಯ್ಲಿಗೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ಮುಯ್ಯಾಳಾಗಿ ದುಡಿಯುವ ಪದ್ಧತಿಯೂ ಇಂಥ ಕೂಡಿಕೆಯೇ. ದುಡಿದು ಉಣ್ಣು, ಉಳಿದುದನ್ನು ಹಂಚು ಎಂಬ ಕಾಯಕ-ದಾಸೋಹಗಳ ಮಾತನ್ನು ಲೋಕಕ್ಕೆ ಹೇಳಿದ ಬಸವಣ್ಣನವರು ಹುಟ್ಟಿದ್ದು ಈ ಬಾಗೇವಾಡಿಯಲ್ಲಿ. ಬರದ ನೆಲದಲ್ಲಿ ದಾಸೋಹವು ಬರಿಯ ಪುಣ್ಯದ ಮಾತಾಗಿ ಉಳಿಯುವುದಿಲ್ಲ. ಅದು ಬದುಕಿನ ವ್ಯವಸ್ಥೆಯಾಗುತ್ತದೆ.

ಕಾಳಿನ ಹಗೇವಿನಂತೆ ಮನಸ್ಸಿಗೂ ಒಂದು ಹಗೇವು ಬೇಕು. ಈ ಸೀಮೆಯ ಹೆಣ್ಣುಮಕ್ಕಳು ಅದನ್ನು ಬೀಸುವ ಕಲ್ಲಿನ ಮುಂದೆ ಕುಳಿತು ತುಂಬಿದರು. ಹಿಂದೆ ಇಂಡಿ ತಾಲೂಕಿನಲ್ಲಿದ್ದ, ಈಗ ಚಡಚಣ ತಾಲೂಕಿಗೆ ಸೇರಿರುವ ಹಲಸಂಗಿಯ ಗೆಳೆಯರು—ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ—ಆ ಹಾಡುಗಳನ್ನು ಹುಡುಕಿ ಬರೆದುಕೊಂಡರು. ‘ಗರತಿಯ ಹಾಡು’ 1931ರಲ್ಲಿ, ‘ಜೀವನ ಸಂಗೀತ’ 1933ರಲ್ಲಿ, ‘ಮಲ್ಲಿಗೆ ದಂಡೆ’ 1935ರಲ್ಲಿ ಹೊರಬಂದವು. ಹಿಟ್ಟಿನ ಗಿರಣಿಗಳು ಹಳ್ಳಿ ಹಳ್ಳಿಗೆ ಬಂದು ಬೀಸುವ ಕಲ್ಲುಗಳು ಮೂಲೆ ಸೇರುವ ಮುನ್ನವೇ ಈ ಕೆಲಸ ನಡೆದುದು ನಮ್ಮ ಭಾಗ್ಯ. ಆ ಹಾಡುಗಳನ್ನು ಓದಿದವರಿಗೆ ಒಂದು ಸಂಗತಿ ಹೊಳೆಯದೆ ಇರದು. ದುಃಖವನ್ನು ಅಲ್ಲಿ ಯಾರೂ ಮುಚ್ಚಿಡುವುದಿಲ್ಲ. ತವರನ್ನು ನೆನೆದು ಅಳುವವಳು ನಾಚದೆ ಅಳುತ್ತಾಳೆ. ಆದರೆ ಅಳುತ್ತಿರುವಾಗಲೂ ಕಲ್ಲು ತಿರುಗುತ್ತದೆ, ಹಿಟ್ಟು ಬೀಳುತ್ತದೆ. ಎದುರು ಕುಳಿತವಳು ದನಿಗೂಡಿಸುತ್ತಾಳೆ. ನೋವನ್ನು ಹೇಳಿಕೊಳ್ಳುವುದು, ಹೇಳುತ್ತಲೇ ಕೈಗೆಲಸ ನಡೆಸುವುದು, ಕೇಳಲು ಒಬ್ಬರಿರುವುದು—ಮನಸ್ಸಿನ ಆರೋಗ್ಯಕ್ಕೆ ಈ ಮೂರಕ್ಕಿಂತ ಹೆಚ್ಚಿನ ಉಪದೇಶವನ್ನು ನಾನು ಬಲ್ಲೆನಾದರೆ ಇಲ್ಲಿ ಬರೆಯುತ್ತಿದ್ದೆ.

ಆದರೂ ಹಗೇವಿಗೆ ಒಂದು ತಳವಿದೆ ಎಂಬುದನ್ನು ಮರೆಯಬಾರದು. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ, ಆಗ ಕಲಾದಗಿ ಎಂಬ ಹೆಸರಿದ್ದ ಈ ಜಿಲ್ಲೆ ನುಚ್ಚುನೂರಾಯಿತು. 1872ರಲ್ಲಿ ಸುಮಾರು 8 ಲಕ್ಷ 16 ಸಾವಿರವಿದ್ದ ಜನಸಂಖ್ಯೆ 1881ರಲ್ಲಿ 6 ಲಕ್ಷ 38 ಸಾವಿರಕ್ಕೆ ಇಳಿದಿತ್ತು. ಅಂದಿನ ಜನರಲ್ಲಿ ತಾಳ್ಮೆ ಕಡಮೆಯಾಗಿತ್ತೆ? ಒಗ್ಗಟ್ಟು ಇರಲಿಲ್ಲವೆ? ಎಲ್ಲವೂ ಇತ್ತು, ಅನ್ನವಿರಲಿಲ್ಲ. ಸರಕಾರವು ಪರಿಹಾರ ಕೆಲಸಕ್ಕೆ ಬಂದ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಕಾಳಿನ ಬೆಲೆ, ಮೇಲೊಂದು ಆಣೆ ಸಾಕೆಂದು ಕೂಲಿಯನ್ನು ಇಳಿಸಿತು. ಮುಂಬಯಿ ಪ್ರಾಂತದಲ್ಲಿ ಹಸಿದ ಜನ ಕೆಲಸ ಬಿಟ್ಟು ಎದ್ದು ನಡೆದು ಅದನ್ನು ಪ್ರತಿಭಟಿಸಿದರು. ಆ ಎದ್ದು ನಡೆದುದೂ ನನ್ನ ದೃಷ್ಟಿಯಲ್ಲಿ ತಾಳಿಕೆಯೇ. ಊರು ಕೂಡಿಟ್ಟುದು ಮುಗಿದ ಮೇಲೆ ನಾಡು ಕೂಡಿಟ್ಟುದು ಬೇಕಾಗುತ್ತದೆ. ಅದನ್ನು ಕೇಳುವುದು ಭಿಕ್ಷೆಯಲ್ಲ. ಗಡಿಯಾಚೆಯ ಮಹಾರಾಷ್ಟ್ರದಲ್ಲಿ 1972ರ ಬರದ ಬೆನ್ನಿಗೆ ಬೆಳೆದ ಉದ್ಯೋಗ ಖಾತರಿ 1977ರಲ್ಲಿ ಶಾಸನವಾಯಿತು. 2005ರಲ್ಲಿ ಅಂಥದೇ ಕಾನೂನು ದೇಶಕ್ಕೆಲ್ಲ ಬಂದಿತು. ಬರದವರ ಹಸಿವಿನಿಂದ ದೇಶ ಕಲಿತ ಪಾಠವಿದು.

ಆಲಮಟ್ಟಿಯ ಕತೆಯನ್ನೂ ಇಲ್ಲಿ ನೆನೆಯಬೇಕು. 1964ರ ಮೇ 22ರಂದು ಲಾಲ ಬಹಾದ್ದೂರ ಶಾಸ್ತ್ರಿಗಳು ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲನ್ನಿಟ್ಟರು. ಇಂದು ಆ ಜಲಾಶಯದ ನೀರನ್ನು ಎತ್ತಿ ಒಣಗಿದ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಒಬ್ಬರ ಹೊಲಕ್ಕೆ ನೀರು ಬರಲೆಂದು ಇನ್ನೊಬ್ಬರ ಮನೆ, ಹೊಲ, ಗುಡಿ ಮುಳುಗಿದವು. ಮುಳುಗಿದ ಹಳ್ಳಿಗಳವರು ಹೊಸ ತಾಣಗಳಲ್ಲಿ ಒಲೆ ಹೂಡಿದರು. ಪರಿಹಾರದ ಹಣದಿಂದ ಗೋಡೆ ಕಟ್ಟಬಹುದು. ಮುಯ್ಯಾಳಾಗಿ ಬರುವ ನೆರೆಯವನನ್ನು ಕೊಳ್ಳಲಾಗದು. ಓಣಿ ಚದರಿದರೆ ಓಣಿಯ ಕೂಡಿಕೆಯೂ ಚದರುತ್ತದೆ. ಯೋಜನೆ ಹಾಕುವವರು ಈ ನಷ್ಟಕ್ಕೂ ಒಂದು ಲೆಕ್ಕದ ಪುಟ ಇಡಬೇಕು.

ಈಗ ಹಗೇವುಗಳು ಬಹುಮಟ್ಟಿಗೆ ಮುಚ್ಚಿ ಹೋಗಿವೆ. ಬೀಸುವ ಕಲ್ಲುಗಳೂ ಸುಮ್ಮನಾಗಿವೆ. ಅವು ಹಿಂದಿರುಗಲೆಂದು ನಾನು ಹಂಬಲಿಸುವುದಿಲ್ಲ. ಬೀಸಿ ಬೀಸಿ ಸೋತ ರಟ್ಟೆಗಳು ಆ ಹಂಬಲವನ್ನು ಒಪ್ಪಲಾರವು. ಆದರೆ ಆ ಜಾಗದಲ್ಲಿ ನಾವು ಏನನ್ನು ತುಂಬುತ್ತಿದ್ದೇವೆ? ಈ ನಾಲ್ಕು ಸೀಮೆಗಳ ಶಿಕ್ಷಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನನ್ನದೊಂದು ಬಿನ್ನಹ. ನಿಮ್ಮ ಮನೆಯ ಅಜ್ಜ-ಅಜ್ಜಿಯರನ್ನು ಕೇಳಿರಿ: 1972ರಲ್ಲಿ ಏನು ಉಂಡಿರಿ? ಯಾರು ಕೊಟ್ಟರು? ಯಾರಿಗೆ ಕೊಟ್ಟಿರಿ? ಯಾರು ಕೊಡಲಿಲ್ಲ? ಬಂದ ಉತ್ತರವನ್ನು ಬರೆದಿಡಿರಿ. ಹಲಸಂಗಿಯ ಗೆಳೆಯರಿಗೂ ಇದಕ್ಕಿಂತ ಹೆಚ್ಚಿನ ಸಲಕರಣೆಗಳಿರಲಿಲ್ಲ. ಮುಂದಿನ ಬರ ಬಂದೇ ಬರುತ್ತದೆ. ಅದು ಬರುವ ಮೊದಲು, ಮಳೆ ಚೆನ್ನಾಗಿ ಆದ ವರ್ಷದಲ್ಲಿ, ಈ ಕೆಲಸ ಆಗಬೇಕು.