ಎಲೆಯೊಳಗಿನ ಕೆರೆ

ಹೊಸ ಕಾರ್ಯಕ್ಕೆ ಕೈಯಿಡುವ ಮುನ್ನ ಕುರುಡುಮಲೆಯ ಗಣಪನ ದರ್ಶನ ಮಾಡಿ ಬರುವುದು ಕೋಲಾರ ಸೀಮೆಯ ಅನೇಕ ಮನೆಗಳ ವಾಡಿಕೆ. ಮುಳಬಾಗಿಲಿನಿಂದ ಅಲ್ಲಿಗೆ ಹೊರಟವರಿಗೆ ಕಾಣುವುದು ಬೋಳು ಬಂಡೆಗಳ ಗುಡ್ಡ, ಅಲ್ಲಲ್ಲಿ ಕೆರೆಯ ಏರಿ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಈ ಸೀಮೆಯಲ್ಲಿ ಹಿರಿಯರು ಮಳೆಯ ನೀರನ್ನು ಸಾವಿರಾರು ಕೆರೆಗಳಲ್ಲಿ ಹಿಡಿದಿಟ್ಟು ಬಾಳಿದರು. ಅದೇ ಉಪಾಯವನ್ನು ತನ್ನ ದಪ್ಪ ಎಲೆಯೊಳಗೆ ನಡೆಸುವ ಪುಟ್ಟ ಗಿಡವೊಂದುಂಟು, ಅದೇ ಕಾಡುಬಸಳೆ. ಮಡಗಾಸ್ಕರ್ ದ್ವೀಪ ಇದರ ತವರಾದರೂ ಕನ್ನಡ ನಾಡಿನ ಹಿತ್ತಿಲುಗಳಿಗೆ ಇದು ಹಳೆಯ ನೆಂಟ.

ಕುಂಡದ ಕಾಡುಬಸಳೆ ನೀರಿಲ್ಲದೆ ಸಾಯುವುದು ಅಪರೂಪ. ಅಕ್ಕರೆಯಿಂದ ದಿನವೂ ಎರೆದ ನೀರಿಗೆ ಕೊಳೆತು ಸಾಯುವುದೇ ಹೆಚ್ಚು. ಇತರ ಬಹುಪಾಲು ಗಿಡಗಳು ಹಗಲಿನಲ್ಲಿ ಎಲೆಯ ಸೂಕ್ಷ್ಮ ರಂಧ್ರಗಳನ್ನು ತೆರೆಯುವುದರಿಂದ ಅವುಗಳ ನೀರು ಆವಿಯಾಗಿ ಹೋಗುತ್ತದೆ. ಕಾಡುಬಸಳೆಯಾದರೋ ಬಿಸಿಲಿನಲ್ಲಿ ಕದ ಮುಚ್ಚಿ, ತಂಪಾದ ಇರುಳಿನಲ್ಲಿ ತೆರೆಯುತ್ತದೆ. ರಾತ್ರಿ ಹೀರಿದ ಇಂಗಾಲಾಮ್ಲವನ್ನು ಹುಳಿಯಾಗಿ ಕೂಡಿಟ್ಟು ಹಗಲಿನಲ್ಲಿ ವೆಚ್ಚ ಮಾಡುತ್ತದೆ. ೧೮೦೦ರ ಸುಮಾರಿಗೆ ಬೆಂಗಳೂರಿನ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೈನೆ ಈ ಎಲೆಯ ರುಚಿ ನೋಡಿ, ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆಗೆ ತುಸು ಕಹಿ ಎಂದು ೧೮೧೩ರಲ್ಲಿ ಪತ್ರ ಬರೆದನು. ಗಿಡದ ಈ ಗುಟ್ಟು ವಿದ್ವಾಂಸರ ಗಮನಕ್ಕೆ ಬಂದುದು ಹೀಗೆ.

ಇದನ್ನು ಬೆಳೆಸಲು ಬೀಜ ಬೇಡ, ಒಂದು ಎಲೆ ಸಾಕು. ತಳದಲ್ಲಿ ತೂತಿರುವ ಮಣ್ಣಿನ ಕುಂಡಕ್ಕೆ ಇಟ್ಟಿಗೆಯ ಚೂರು ಹಾಕಿ, ಅದರ ಮೇಲೆ ಕೆಮ್ಮಣ್ಣನ್ನೂ ದಪ್ಪ ಮರಳನ್ನೂ ಸಮಸಮವಾಗಿ ಬೆರೆಸಿ ತುಂಬಬೇಕು. ಬಲಿತ ಎಲೆಯನ್ನು ಅದರ ಮೇಲೆ ಮಲಗಿಸಿದರೆ ಕೆಲವು ವಾರಗಳಲ್ಲಿ ಅಂಚಿನ ಕಚ್ಚುಗಳಿಂದ ಮರಿಗಿಡಗಳು ಹೊರಡುತ್ತವೆ. ಎಳೆಬಿಸಿಲು ಬೀಳುವ ಕಿಟಕಿ ಇದಕ್ಕೆ ಒಪ್ಪುವ ಜಾಗ. ಬೆಳಕು ಸಾಲದಿದ್ದರೆ ಕಾಂಡ ಸೊರಗಿ ಉದ್ದವಾಗುತ್ತದೆ. ತುದಿ ಚಿವುಟುತ್ತಿದ್ದರೆ ಗಿಡ ಗಿಡ್ಡವಾಗಿ ಕವಲೊಡೆಯುತ್ತದೆ.

ನೀರೆರೆಯುವ ಮುನ್ನ ಬೆರಳನ್ನು ಮಣ್ಣಿನೊಳಗೆ ಊರಿ ನೋಡಬೇಕು. ತೇವ ತಾಕಿದರೆ ಚೊಂಬನ್ನು ಕೆಳಗಿಡುವುದೇ ಜಾಣತನ. ಒಣಗಿದ್ದರೆ ತಳದಿಂದ ನೀರು ಸೋರುವಷ್ಟು ಎರೆದು, ತಟ್ಟೆಯಲ್ಲಿ ನಿಂತುದನ್ನು ಚೆಲ್ಲಬೇಕು. ಸುಕ್ಕುಗಟ್ಟಿದ ಎಲೆ ಸಾಮಾನ್ಯವಾಗಿ ಬಾಯಾರಿಕೆಯ ಗುರುತು; ಹಳದಿಯಾಗಿ ಮೆತ್ತಗಾದ ಎಲೆ ಅತಿನೀರಿನ ಗುರುತು. ಎಲೆಯ ಕೆರೆ ತುಂಬಿರುವಾಗ ಇನ್ನೂ ಸುರಿದರೆ ಏರಿ ಒಡೆಯದಿದ್ದೀತೆ?

ಒಂದು ಎಚ್ಚರಿಕೆಯುಂಟು. ಮನೆಮದ್ದೆಂದು ಹೆಸರಾಗಿದ್ದರೂ ವೈದ್ಯರನ್ನು ಕೇಳದೆ ಇದನ್ನು ಸೇವಿಸಬಾರದು. ದನಕರುಗಳಿಗೆ ಇದು ವಿಷ.

ಕಾಂಡ ಬುಡದಲ್ಲಿ ಕಪ್ಪಾಗಿ ಕೊಳೆತರೂ ಆಸೆ ಬಿಡಬೇಕಾಗಿಲ್ಲ. ಕೊಳೆ ಮುಟ್ಟದ ತುದಿಯನ್ನು ಕತ್ತರಿಸಿ, ಎರಡು ದಿನ ನೆರಳಿನಲ್ಲಿ ಆರಿಸಿ ನೆಟ್ಟರೆ ಬೇರು ಬಿಡುತ್ತದೆ. ತುದಿಯೂ ಉಳಿಯದಿದ್ದರೆ ಗಟ್ಟಿಯಾದ ಒಂದೇ ಎಲೆಯಿಂದ ಮತ್ತೆ ತೊಡಗಬಹುದು. ಈ ಸಲ ಮಾತ್ರ ನೀರಿನ ಕೈ ಬಿಗಿಯಾಗಿರಲಿ.