ಕಸವೂ ಕಸವರವೂ

ಸ್ಮರಣ ಸಂಚಿಕೆಗಾಗಿ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ ಅವರ ಮನಸ್ಸಿನಲ್ಲಿದ್ದುದು ಪ್ರಾಯಶಃ ವಚನಗಳ ಲಯವನ್ನೋ ಷಟ್ಪದಿಯ ಸೊಗಸನ್ನೋ ಕುರಿತ ಬರಹ. ಹಿಂದಿನ ಸಂಚಿಕೆಗಳಲ್ಲಿ ಅಂಥವನ್ನೇ ಬರೆದು ಓದುಗರ ತಾಳ್ಮೆಯನ್ನು ಪರೀಕ್ಷಿಸಿದ್ದೇನೆ. ಈ ಸಲ ಕಸವನ್ನು ಕುರಿತು ಬರೆಯುತ್ತಿದ್ದೇನೆ. ಕನ್ನಡ ಪಂಡಿತನಿಗೂ ಕಸಕ್ಕೂ ಏನು ಸಂಬಂಧವೆಂದು ಹುಬ್ಬೇರಿಸುವ ಮಹನೀಯರು ಎರಡು ಮೂರು ಪುಟಗಳ ಮಟ್ಟಿಗೆ ಸೈರಣೆ ವಹಿಸಬೇಕೆಂದು ವಿನಂತಿ.

ಕಳೆದ ವರ್ಷ ಶ್ರಾವಣದ ಒಂದು ಸಂಜೆ ನಮ್ಮ ಶಾಲೆಯಲ್ಲಿಯೇ ಓದಿ, ಈಗ ನೆರೆಯ ಪಟ್ಟಣವೊಂದರಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿರುವ ಹಳೆಯ ವಿದ್ಯಾರ್ಥಿಯೊಬ್ಬರು ಮನೆಗೆ ಬಂದರು. ಕೈಯಲ್ಲಿ ನಾಲ್ಕು ಹಾಳೆಗಳ ಒಂದು ಕಟ್ಟು. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಅದನ್ನು ನನ್ನ ಮುಂದಿಟ್ಟು, "ಗುರುಗಳ, ಗುಡಿ ಕಟ್ಟಿ ಮ್ಯಾಲ ಕೂತು ನಾಕು ಮಂದಿ ಓದಿದ್ವಿ, ಯಾರಿಗೂ ತಿಳೀಲಿಲ್ರಿ. ಕನ್ನಡದಾಗ ಐತಿ, ಆದ್ರ ಕನ್ನಡ ಅಲ್ರಿ ಇದು. ನೀವರ ಬಿಡಿಸಿ ಹೇಳ್ರಿ" ಎಂದರು.

ಅದು ಅವರ ಊರಿನ ಸ್ಥಳೀಯ ಸಂಸ್ಥೆ ಹೊರಡಿಸಿದ್ದ ಘನತ್ಯಾಜ್ಯ ನಿರ್ವಹಣೆಯ ಕರಡು ಉಪವಿಧಿ. ಕೊನೆಯಲ್ಲಿ ವಾಡಿಕೆಯ ಒಕ್ಕಣೆ: ಸಾರ್ವಜನಿಕರ ಆಕ್ಷೇಪಣೆ, ಸಲಹೆಗಳೇನಾದರೂ ಇದ್ದಲ್ಲಿ ಮೂವತ್ತು ದಿನಗಳೊಳಗಾಗಿ ಲಿಖಿತವಾಗಿ ಸಲ್ಲಿಸತಕ್ಕದ್ದು, ತಪ್ಪಿದಲ್ಲಿ ಯಾವುದೇ ಆಕ್ಷೇಪಣೆ ಇಲ್ಲವೆಂದು ಭಾವಿಸಲಾಗುವುದು. ಆ ಮೂವತ್ತರಲ್ಲಿ ಇಪ್ಪತ್ತೊಂದು ದಿನಗಳು ಆಗಲೇ ಕಳೆದಿದ್ದವು. ನಾನು ಕನ್ನಡಕ ಏರಿಸಿ ಓದತೊಡಗಿದೆ. ಮೊದಲನೆಯ ಪ್ಯಾರಾ ಇಡಿಯಾಗಿ ಒಂದೇ ವಾಕ್ಯ, ಹದಿನಾಲ್ಕು ಸಾಲು. ಕೇಶಿರಾಜನ ಸೂತ್ರಗಳನ್ನು ಎಳವೆಯಲ್ಲಿಯೇ ಬಾಯಿಪಾಠ ಮಾಡಿ, ವಿದ್ವತ್ ಪರೀಕ್ಷೆಗೆ ಕೂತು, ಮೂವತ್ತು ವರ್ಷ ಮಕ್ಕಳಿಗೆ ವ್ಯಾಕರಣ ಹೇಳಿಕೊಟ್ಟ ನನಗೇ ಅದರಲ್ಲಿ ಕರ್ತೃಪದ ಎಲ್ಲಿದೆ, ಕ್ರಿಯಾಪದ ಎಲ್ಲಿದೆ ಎಂದು ಕಂಡುಹಿಡಿಯುವುದಕ್ಕೆ ಮೂರು ಆವೃತ್ತಿ ಬೇಕಾದವು. ಹಳಗನ್ನಡದ ಚಂಪೂಕಾವ್ಯ ಕಠಿಣವೆಂದು ಮಕ್ಕಳು ದೂರುತ್ತಾರೆ. ಆ ಕಾಠಿಣ್ಯದ ಹಿಂದೆ ಅರ್ಥವಾದರೂ ಇರುತ್ತದೆ ಎಂದು ಅವರಿಗೆ ಸಮಾಧಾನ ಹೇಳುತ್ತಿದ್ದೆ. ಇಲ್ಲಿ ಆ ಭರವಸೆಯೂ ಕ್ಷಣಕಾಲ ಕೈಬಿಟ್ಟಿತು.

ಅನ್ವಯ ಮಾಡಿ ಬಿಡಿಸಿದಾಗ ಸಂಗತಿಗಳು ಸಾಮಾನ್ಯವಾದವಲ್ಲವೆಂದು ತಿಳಿಯಿತು. ಅಂಗಡಿ ದೊಡ್ಡದಿರಲಿ ಚಿಕ್ಕದಿರಲಿ ತಿಂಗಳಿಗೆ ಒಂದೇ ದರದ ಬಳಕೆದಾರರ ಶುಲ್ಕ. ಹಸಿ ಕಸ, ಒಣ ಕಸ ಬೇರ್ಪಡಿಸದ ಮನೆಗೆ ದಂಡ. ಪರವಾನಗಿಯಿಲ್ಲದವರು ಒಣ ಕಸವನ್ನು ಆಯುವಂತಿಲ್ಲ, ಮಾರುವಂತಿಲ್ಲ. ಕಸ ಸಂಸ್ಕರಣೆಯ ಘಟಕ ಊರ ಕೆಳಗಿನ ಹಳ್ಳದ ದಂಡೆಯ ಮೇಲೆ, ಅಂದರೆ ಕೂಲಿಕಾರರ ಮನೆಗಳಿಗೆ ಕೂಗಳತೆಯ ದೂರದಲ್ಲಿ. ಕಾಗದ, ಬಾಟಲಿ, ತಗಡು ಆಯ್ದು ಗುಜರಿ ಅಂಗಡಿಗೆ ಹಾಕಿ ಒಲೆ ಹೊತ್ತಿಸುವ ಹೆಣ್ಣುಮಕ್ಕಳ ಅನ್ನ ಆ ನಾಲ್ಕು ಹಾಳೆಗಳಲ್ಲಿತ್ತು. ಅವರಲ್ಲಿ ಓದಬಲ್ಲವರು ಒಬ್ಬರೂ ಇರಲಿಲ್ಲ. ಓದಬಲ್ಲವರಿಗೆ ತಿಳಿಯಲಿಲ್ಲ.

ಉಳಿದ ಒಂಬತ್ತು ದಿನಗಳಲ್ಲಿ ಮೂರು ಸಂಜೆ ಅವರ ಅಂಗಡಿಯ ಜಗಲಿಯ ಮೇಲೆ ಕುಳಿತು ಕರಡನ್ನು ಒಂದೊಂದೇ ಕಲಮಿನಂತೆ ಓದಿ ಹೇಳಿದೆ. ಮೊದಲ ದಿನ ಎಂಟು ಜನ, ಮೂರನೆಯ ದಿನ ಅರವತ್ತಕ್ಕೂ ಮಿಕ್ಕಿ. ಕಸ ಆಯುವ ಹೆಣ್ಣುಮಗಳೊಬ್ಬಳು ಎದ್ದು, ಮಳೆಗಾಲದಲ್ಲಿ ಆ ಹಳ್ಳ ಎಲ್ಲಿಯ ತನಕ ಏರುತ್ತದೆಂಬುದನ್ನು ಕೈಯೆತ್ತಿ ತೋರಿಸಿದಳು. ಯಾವ ನಕಾಶೆಯಲ್ಲಿಯೂ ಇಲ್ಲದ ಆ ಅಳತೆ ನಮ್ಮ ಪತ್ರದ ಮೊದಲನೆಯ ಆಕ್ಷೇಪಣೆಯಾಯಿತು. ಕಚೇರಿಗೆ ಒಪ್ಪಿಸಲು ಹೋದಾಗ ಗುಮಾಸ್ತರು ಸ್ವೀಕೃತಿಯ ಮೊಹರು ಹಾಕುತ್ತ, ಇಡೀ ಊರಿನಿಂದ ಇದು ನಾಲ್ಕನೆಯದು ಎಂದರು. ಶುಲ್ಕವನ್ನು ಅಂಗಡಿಯ ಅಳತೆಗೆ ತಕ್ಕಂತೆ ವಿಂಗಡಿಸಿದರು. ಆಯುವವರ ಮೇಲಿನ ನಿಷೇಧ ಬಿಟ್ಟುಹೋಯಿತು. ಘಟಕದ ಜಾಗದ ಮಾತು ಇನ್ನೂ ಇತ್ಯರ್ಥವಾಗಿಲ್ಲ. ಎಲ್ಲವೂ ನಮ್ಮಿಂದಲೇ ಆಯಿತೆಂದು ಹೇಳಿಕೊಳ್ಳುವ ಹುಂಬತನ ನನಗಿಲ್ಲ. ಆದರೆ ಆ ನಾಲ್ಕೂ ಪತ್ರಗಳು ಹೋಗದಿದ್ದಿದ್ದರೆ ಯಾರಿಗೂ ಆಕ್ಷೇಪಣೆ ಇಲ್ಲವೆಂದೇ ಭಾವಿಸಲಾಗುತ್ತಿತ್ತು.

ಸರಕಾರವು ಜನರ ಅಭಿಪ್ರಾಯವನ್ನು ಕೇಳುವುದು ಉಪಕಾರಕ್ಕಾಗಿ ಅಲ್ಲ. ಕಾಯಿದೆಯು ಪೂರ್ವಪ್ರಕಟಣೆಯನ್ನು ವಿಧಿಸಿರುವಲ್ಲಿ ಕರಡನ್ನು ಪ್ರಕಟಿಸಬೇಕು, ದಿನ ಗೊತ್ತುಮಾಡಬೇಕು, ಬಂದ ಆಕ್ಷೇಪಣೆಗಳನ್ನು ಪರಿಶೀಲಿಸಲೇಬೇಕು ಎಂದು 1897ರ ಜನರಲ್ ಕ್ಲಾಸಸ್ ಕಾಯಿದೆಯೇ ಹೇಳುತ್ತದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳ ಕರಡು 2015ರ ಜೂನ್ 3ರಂದು ಪ್ರಕಟವಾಗಿ, ಅರವತ್ತು ದಿನಗಳ ಅವಕಾಶವಿತ್ತು. ಅವುಗಳ ಸ್ಥಾನದಲ್ಲಿ ಈಗ ಬಂದಿರುವ ಹೊಸ ನಿಯಮಗಳ ಕರಡು 2024ರ ಡಿಸೆಂಬರಿನಲ್ಲಿ ಹೊರಬಿದ್ದಿತು. 2026ರ ಜನವರಿಯಲ್ಲಿ ಅಂತಿಮ ನಿಯಮಗಳು ಪ್ರಕಟವಾಗಿ, ಏಪ್ರಿಲ್ 1 ಜಾರಿಯ ದಿನವೆಂದು ಗೊತ್ತಾಯಿತು. ಕಸವನ್ನು ಎರಡಲ್ಲ, ಮೂರಲ್ಲ, ನಾಲ್ಕಾಗಿ ಬೇರ್ಪಡಿಸಬೇಕೆಂಬುದು ಅವುಗಳ ವಿಧಿ. ಈ ಕರಡಿಗೂ ಅರವತ್ತು ದಿನಗಳಿದ್ದವು. ಈ ಸಂಚಿಕೆಯನ್ನು ಓದುತ್ತಿರುವ ನಮ್ಮಲ್ಲಿ ಎಷ್ಟು ಜನ ಅದನ್ನು ಓದಿದೆವು? ಪ್ರಶ್ನೆ ಕೇಳುತ್ತಿರುವವನೂ ಓದಿರಲಿಲ್ಲ.

ಓದದಿದ್ದುದಕ್ಕೆ ನಮ್ಮ ಸೋಮಾರಿತನವೊಂದೇ ಕಾರಣವಲ್ಲ. ಕೇಂದ್ರದ ರಾಜ್ಯಪತ್ರ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಬರುತ್ತದೆ. 2020ರಲ್ಲಿ ಪರಿಸರ ಪರಿಣಾಮದ ಅಂದಾಜಿಗೆ ಸಂಬಂಧಿಸಿದ ಕರಡು ಅಧಿಸೂಚನೆ ಹೊರಟಾಗ ಈ ವಿಷಯ ನ್ಯಾಯಾಲಯದ ಕಟ್ಟೆ ಹತ್ತಿತು. ಅದನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಿಗೆ ಅನುವಾದಿಸಬೇಕೆಂದು ದೆಹಲಿಯ ಉಚ್ಚ ನ್ಯಾಯಾಲಯ ಆ ವರ್ಷದ ಜೂನ್ 30ರಂದು ಆದೇಶಿಸಿತು. ಸ್ಥಳೀಯ ಭಾಷೆಗಳಲ್ಲಿ ಪ್ರಚಾರವಾಗಿಲ್ಲವೆಂಬ ಕಾರಣಕ್ಕೆ ಅಂತಿಮ ಅಧಿಸೂಚನೆಯನ್ನು ಹೊರಡಿಸದಂತೆ ನಮ್ಮ ರಾಜ್ಯದ ಉಚ್ಚ ನ್ಯಾಯಾಲಯವೂ ಆಗಸ್ಟಿನಲ್ಲಿ ತಾತ್ಕಾಲಿಕ ತಡೆ ನೀಡಿತು. ಕನ್ನಡದಲ್ಲಿ ಕೇಳುವುದು ಕೇವಲ ಭಾಷಾಭಿಮಾನದ ಮಾತಲ್ಲ, ನ್ಯಾಯದ ಮಾತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕೆ? ಆದರೆ ಲಿಪಿ ಕನ್ನಡವಾದ ಮಾತ್ರಕ್ಕೆ ಕನ್ನಡವಾಗದು ಎಂಬುದು ಆ ಕಿರಾಣಿ ಅಂಗಡಿಯವರ ಮಾತಿನ ತಾತ್ಪರ್ಯ. ಕೇಂದ್ರ ಸರಕಾರವೇ 2014ರಲ್ಲಿ ಮಾಡಿಕೊಂಡ ಶಾಸನಪೂರ್ವ ಸಮಾಲೋಚನೆಯ ನೀತಿಯಲ್ಲಿ, ಕರಡಿನ ಜೊತೆಗೆ ಸರಳವಾದ ಭಾಷೆಯಲ್ಲಿ ವಿವರಣೆ ಇರಬೇಕೆಂದಿದೆ, ಕನಿಷ್ಠ ಮೂವತ್ತು ದಿನ ಜನರ ಮುಂದಿರಬೇಕೆಂದಿದೆ. ಆ ಸದ್ಬುದ್ಧಿ ಊರ ಕಚೇರಿಯ ಮೆಟ್ಟಿಲಿನ ತನಕ ಇಳಿದು ಬರಬೇಕಾಗಿದೆ.

ನಮ್ಮ ಕಡೆ ಮದುವೆಗೆ ಕರೆಯುವವರು ಕುಂಕುಮ, ಅಕ್ಷತೆ ಹಿಡಿದು ಮನೆಯ ಹೊಸ್ತಿಲ ತನಕ ಬರುತ್ತಾರೆ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಬಾಗಿಲ ಚೌಕಟ್ಟಿಗೆ ಅಕ್ಷತೆ ಇಟ್ಟು, ನೆರೆಯವರಿಗೆ ಹೇಳಿ, ಮತ್ತೆ ಬರುತ್ತಾರೆ. ಕಚೇರಿಯ ಗೋಡೆಗೆ ಅಂಟಿಸಿದ ಕಾಗದ ಹೀಗೆ ಕರೆಯುವುದಿಲ್ಲ, ಕರೆದೆನೆಂದು ದಾಖಲೆ ಮಾಡಿಕೊಳ್ಳುತ್ತದೆ.

ಇನ್ನು ಪಂಡಿತನ ಚಾಪಲ್ಯದ ಒಂದು ಮಾತು. ಹಳಗನ್ನಡದಲ್ಲಿ ‘ಕಸವರ’ ಎಂದರೆ ಚಿನ್ನ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲ ಗುಣವನ್ನೇ ನಿಜವಾದ ಕಸವರವೆಂದು ಬಣ್ಣಿಸುತ್ತದೆ. ಈ ಶಬ್ದಕ್ಕೂ ನಮ್ಮ ಕಸಕ್ಕೂ ಧ್ವನಿಸಾಮ್ಯವಲ್ಲದೆ ಬೇರೆ ನಂಟನ್ನು ನಾನು ಹೇಳುತ್ತಿಲ್ಲ. ಕಸದ ವಿಚಾರದಲ್ಲಿ ಪರವಿಚಾರವನ್ನು ಕೇಳದೆ ಹೋದುದರ ಫಲವನ್ನು ಮಾತ್ರ ಕಣ್ಣಾರೆ ಕಂಡಿದ್ದೇವೆ. ರಾಜಧಾನಿಯ ಕಸವನ್ನು ವರ್ಷಗಟ್ಟಲೆ ಮಾವಳ್ಳಿಪುರ, ಮಂಡೂರುಗಳಲ್ಲಿ ಸುರಿದರು. ಆ ಹಳ್ಳಿಗಳವರು ರಸ್ತೆಗಿಳಿಯಬೇಕಾಯಿತು. ಮಾವಳ್ಳಿಪುರದಲ್ಲಿ 2012ರಲ್ಲಿ, ಮಂಡೂರಿನಲ್ಲಿ 2014ರ ಕೊನೆಗೆ ಸುರಿಯುವುದು ನಿಂತಿತು. ಮೊದಲೇ ಕೇಳಿದ್ದರೆ ಲಾರಿಗಳನ್ನು ತಡೆದು ಹೇಳಿದ ಮಾತನ್ನೇ ಅವರು ಸಭೆಯಲ್ಲಿ ಕುಳಿತು ಹೇಳುತ್ತಿದ್ದರು.

ನಮ್ಮ ಪರಂಪರೆಗೆ ಈ ವಿಷಯ ಹೊರಗಿನದೇನೂ ಅಲ್ಲ. ಅಂಗಳ ಗುಡಿಸುವ ಕಾಯಕದ ಸತ್ಯಕ್ಕ ವಚನಕಾರ್ತಿ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನವರು ಒಂದು ದಿನ ಹೆಚ್ಚಾಗಿ ತಂದಾಗ, ನಮಗೆ ಇಷ್ಟೇಕೆ, ಮರಳಿ ಅಲ್ಲಿಯೇ ಸುರಿದು ಬನ್ನಿ ಎಂದು ಲಕ್ಕಮ್ಮನವರು ಗಂಡನನ್ನೇ ತಿದ್ದಿದ ಕಥೆ ನಮ್ಮ ಮಕ್ಕಳಿಗೆಲ್ಲ ಬಾಯಿಗೆ ಬರುತ್ತದೆ. ಅನುಭವ ಮಂಟಪವನ್ನು ಪ್ರಜಾಪ್ರಭುತ್ವದ ಮೊದಲ ಸಂಸತ್ತೆಂದು ವೇದಿಕೆಗಳ ಮೇಲೆ ಹೊಗಳುವುದು ಇತ್ತೀಚೆಗೆ ರೂಢಿಯಾಗಿದೆ. ಹೊಗಳಲಿ. ಆದರೆ ಸತ್ಯಕ್ಕನವರ ಭಾವಚಿತ್ರಕ್ಕೆ ಮಾಲೆ ಹಾಕಿದ ದಿನವೇ, ಆ ಸಭಾಂಗಣವನ್ನು ಬೆಳಗಿನ ಆರು ಗಂಟೆಗೆ ಗುಡಿಸಿದ ತಾಯಿಯ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಕಸದ ಬಗೆಗೆ ಅಭಿಪ್ರಾಯ ಕೇಳುವುದಾದರೆ ಮೊದಲು ಕೇಳಬೇಕಾದದ್ದು ಪೌರಕಾರ್ಮಿಕರನ್ನು ಮತ್ತು ಆಯುವವರನ್ನು. ಯಾವ ಓಣಿಯಲ್ಲಿ ಒಡೆದ ಗಾಜನ್ನು ಅನ್ನದ ಜೊತೆ ಕಲಸಿ ಎಸೆಯುತ್ತಾರೆಂಬುದು ಅವರ ಕೈಗಳಿಗೆ ಗೊತ್ತು. ಕಸ ಆಯುವವರನ್ನು ಗುರುತಿಸಿ ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಬೇಕೆಂದು 2016ರ ನಿಯಮಗಳೂ ಸ್ಥಳೀಯ ಸಂಸ್ಥೆಗಳಿಗೆ ಹೇಳಿದ್ದವು. ಆ ಊರಿನ ಕರಡು ಅದಕ್ಕೆ ತದ್ವಿರುದ್ಧವಾಗಿತ್ತೆಂಬುದನ್ನು ಅದನ್ನು ಬರೆದವರೇ ಗಮನಿಸಿರಲಿಲ್ಲ.

ಇಲ್ಲಿಗೆ ಬಂದ ಮೇಲೆ ನಮ್ಮ ಮನೆಯ ಮಾತನ್ನು ಬಿಟ್ಟರೆ ಅಪ್ರಾಮಾಣಿಕತೆಯಾದೀತು. ದಿನಕ್ಕೆ ಸರಾಸರಿ 100 ಕಿಲೋಗ್ರಾಮಿಗಿಂತ ಹೆಚ್ಚು ಕಸ ಹೊರಡುವ ಶಾಲೆ, ವಸತಿನಿಲಯ, ಪೂಜಾಸ್ಥಳಗಳನ್ನು 2016ರ ನಿಯಮಗಳು ದೊಡ್ಡ ಪ್ರಮಾಣದ ತ್ಯಾಜ್ಯ ಉತ್ಪಾದಕರೆಂದು ಕರೆದವು. ಪರವಾನಗಿಯಿಲ್ಲದ ಸ್ಥಳದಲ್ಲಿ ನೂರಕ್ಕಿಂತ ಹೆಚ್ಚು ಜನ ಸೇರುವುದಿದ್ದರೆ ಮೂರು ಕೆಲಸದ ದಿನಗಳ ಮುಂಚೆ ಸ್ಥಳೀಯ ಸಂಸ್ಥೆಗೆ ತಿಳಿಸಬೇಕೆಂದವು. ಆ ಸಾಲುಗಳನ್ನು ಓದುವಾಗ ನನ್ನ ಕಣ್ಣ ಮುಂದೆ ಬಂದುದು ನಮ್ಮದೇ ಪ್ರಸಾದ ನಿಲಯ, ನಮ್ಮದೇ ಜಾತ್ರೆ. ನಾನು ಬಾಲಕನಾಗಿದ್ದಾಗ ಜಾತ್ರೆಗೆ ತಿಂಗಳಿರುವಾಗಲೇ ಸುತ್ತಲಿನ ಹಳ್ಳಿಗಳಿಂದ ಮುತ್ತಲ ಎಲೆಯ ಪತ್ರಾವಳಿಗಳು ಗಾಡಿಗಟ್ಟಲೆ ಬರುತ್ತಿದ್ದವು. ಹುಗ್ಗಿ ಉಂಡೆದ್ದ ಎಲೆಗಳನ್ನು ಮಠದ ದನಗಳು ಮುಗಿಸಿ, ಉಳಿದದ್ದು ತಿಪ್ಪೆ ಸೇರಿ, ಮುಂಗಾರಿಗೆ ಹೊಲ ಸೇರುತ್ತಿತ್ತು. ಕಸವೆಂಬ ಪದಕ್ಕೆ ಅಲ್ಲಿ ಕೆಲಸವೇ ಇರಲಿಲ್ಲ. ಇಂದು ಪ್ಲಾಸ್ಟಿಕ್ ಹೊದಿಕೆಯ ತಟ್ಟೆಗಳು ಬಂದಿವೆ. ಪ್ಲಾಸ್ಟಿಕ್ ತಟ್ಟೆ, ಲೋಟಗಳನ್ನು ರಾಜ್ಯದಲ್ಲಿ 2016ರಿಂದ, ದೇಶದಲ್ಲಿ 2022ರ ಜುಲೈ 1ರಿಂದ ನಿಷೇಧಿಸಿದ್ದರೂ ತೇರಿನ ಮರುದಿನ ಬಯಲಿನಲ್ಲಿ ಏನು ಹಾರಾಡುತ್ತದೆಂಬುದನ್ನು ನೋಡಿದವರಿಗೆ ನಾನು ಹೇಳಬೇಕಾಗಿಲ್ಲ. ಪೂಜ್ಯ ಶ್ರೀಗಳವರಲ್ಲಿ ಈ ಮಾತನ್ನು ಅರಿಕೆ ಮಾಡಿಕೊಂಡಾಗ, "ಪಂಡಿತರೇ, ಇದನ್ನ ಸಂಚಿಕೆಯಲ್ಲೇ ಬರೀರಿ, ದಾನಿಗಳೂ ಓದಲಿ" ಎಂದು ಅಪ್ಪಣೆ ಕೊಡಿಸಿದರು. ಅದರ ಬಲದಿಂದಲೇ ಇಷ್ಟು ಧಾರ್ಷ್ಟ್ಯ.

ದಾನಿಗಳಿಗೆ ನನ್ನ ಬಿನ್ನಹವಿಷ್ಟೆ. ಕೋಣೆ ಕಟ್ಟಿಸಿ ಕಲ್ಲಿನ ಮೇಲೆ ಹೆಸರು ಕೆತ್ತಿಸುವುದು ಸತ್ಕಾರ್ಯವೇ. ಗೊಬ್ಬರದ ಗುಂಡಿ ಕಟ್ಟಿಸಿದವರ ಹೆಸರಿನ ಕಲ್ಲು ಮಾತ್ರ ನಮ್ಮ ಆವರಣದಲ್ಲಿ ಇನ್ನೂ ಒಂದೂ ಇಲ್ಲ.

ಅಧ್ಯಾಪಕ ಮಿತ್ರರೊಡನೆ ಒಂದಿಷ್ಟು ಜಗಳವೇ ಇದೆ. ಒಂಬತ್ತನೆಯ ತರಗತಿಯ ಪ್ರಬಂಧಕ್ಕೆ ಪರಿಸರ ಮಾಲಿನ್ಯವೆಂಬ ವಿಷಯ ಕೊಟ್ಟು, ಎಲ್ಲ ಮಕ್ಕಳೂ ಒಂದೇ ಗೈಡಿನ ಒಂದೇ ಪುಟವನ್ನು ಇಳಿಸಿದ್ದನ್ನು ತಿದ್ದುವ ಬದಲು, ತಮ್ಮ ಊರಿನ ಕರಡು ಉಪವಿಧಿಯ ಒಂದು ಕಲಮನ್ನು ತಾಯಿಗೆ ತಿಳಿಯುವಂತೆ ಬರೆದು ತರಲು ಯಾಕೆ ಹೇಳಬಾರದು? ವ್ಯಾಕರಣಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ತೋರದು. ಸಹೋದ್ಯೋಗಿಯೊಬ್ಬರು, ಇದು ರಾಜಕೀಯ, ಮಠದ ಶಾಲೆಗೆ ಸಲ್ಲದು ಎಂದರು. ಪಕ್ಷದ ಬಾವುಟ ಹಿಡಿಯುವುದು ಸಲ್ಲದು, ಒಪ್ಪಿದೆ. ಆದರೆ 74ನೆಯ ತಿದ್ದುಪಡಿಯ ತರುವಾಯ ಘನತ್ಯಾಜ್ಯದ ನಿರ್ವಹಣೆಯು ಸಂವಿಧಾನದ ಹನ್ನೆರಡನೆಯ ಅನುಸೂಚಿಯಲ್ಲಿಯೇ ಪಟ್ಟಣದ ಸಂಸ್ಥೆಗಳ ವಿಷಯವಾಗಿ ಸೇರಿದೆ. ಹಳ್ಳಿಗಳಿಗೆ ಗ್ರಾಮಸಭೆ ಇದೆ. ಸಂವಿಧಾನ ಕೊಟ್ಟ ಬಾಯಿಯನ್ನು ತೆರೆಯುವುದು ರಾಜಕೀಯವಾದರೆ, ಪೌರನೀತಿಯ ಪಾಠವನ್ನು ಪುಸ್ತಕದಿಂದ ಹರಿದು ಹಾಕಬೇಕಾದೀತು. ಇನ್ನೊಬ್ಬರ ಸಂದೇಹ ಹೆಚ್ಚು ಗಟ್ಟಿಯಾದದ್ದು: ನಾವು ಬರೆದರೂ ಅವರು ಓದುವುದಿಲ್ಲ. ಇದಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಸ್ವೀಕೃತಿಯ ಮೊಹರು ಬಿದ್ದ ಕಾಗದ ಮುಂದೆಂದಾದರೂ ಸಾಕ್ಷಿ ನುಡಿಯುತ್ತದೆ, ಬರೆಯದೆ ಉಳಿದ ಮಾತು ನುಡಿಯುವುದಿಲ್ಲ ಎಂದಷ್ಟೇ ಹೇಳಿದೆ. ಅವರು ಒಪ್ಪಿದಂತೆ ಕಾಣಲಿಲ್ಲ.

ಹೊಸ ನಿಯಮಗಳಿಗೆ ಹೊಂದುವಂತೆ ಊರೂರಿನ ಉಪವಿಧಿಗಳನ್ನು ತಿದ್ದಬೇಕಾಗುತ್ತದೆ. ಕರಡುಗಳು ಮತ್ತೆ ಗೋಡೆಗಳ ಮೇಲೆ ಬರಲಿವೆ. ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಕಾಗದವನ್ನು ಕಂಡ ದಿನವೇ ತಂದರೆ, ರವಿವಾರ ಸಂಜೆ ನಾಲ್ಕರಿಂದ ಆರರ ತನಕ ನಾನು ಪ್ರಸಾದ ನಿಲಯದ ಪಡಸಾಲೆಯಲ್ಲಿ ಇರುತ್ತೇನೆ. ಇಪ್ಪತ್ತೊಂದು ದಿನ ತಡಮಾಡಿ ತರಬೇಡಿರಿ.