ಠಸ್ಸೆ ಒತ್ತಿದರೆ ಕಿಡ್ನಿ ಸರಿಯಾದೀತೇ?

ಸಂಪಾದಕರೇ,

ವಿಶ್ವ ಮೂತ್ರಪಿಂಡ ದಿನದಂದು ನಮ್ಮೂರ ಕಲ್ಯಾಣ ಮಂಟಪದಲ್ಲಿ ನಡೆದ ಉಚಿತ ಕಿಡ್ನಿ ತಪಾಸಣಾ ಶಿಬಿರದ ಸುದ್ದಿ ಫೋಟೊ ಸಮೇತ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ದೀಪ ಬೆಳಗಿದವರು, ಶಾಲು ಹೊದೆಸಿಕೊಂಡವರು, ವಂದನಾರ್ಪಣೆ ಮಾಡಿದವರು, ಯಾರ ಹೆಸರೂ ಬಿಟ್ಟುಹೋಗಿಲ್ಲ. ಅಲ್ಲಿ ತಪಾಸಣೆ ಏನು ನಡೆಯಿತು ಎಂಬುದೊಂದು ಬಿಟ್ಟು.

ನನ್ನ ತಾಯಿಗೆ 68 ವರ್ಷ. ಹಳೆಯ ಸಕ್ಕರೆ ಕಾಯಿಲೆ, ಬಡಕಲು ಮೈ. ರಕ್ತ ತೆಗೆದು ಚೀಟಿ ಕೊಟ್ಟರು: ಸೀರಂ ಕ್ರಿಯಾಟಿನಿನ್ 1.2. ಪಕ್ಕದಲ್ಲಿ ‘ನಾರ್ಮಲ್’ ಎಂದು ಠಸ್ಸೆ. ಆಮೇಲೆ ಜಿಲ್ಲಾ ಕೇಂದ್ರದ ವೈದ್ಯರೊಬ್ಬರು ಆ ಚೀಟಿ ನೋಡಿ, ಕೂತಲ್ಲೇ ಮೊಬೈಲಿನಲ್ಲಿ ಲೆಕ್ಕ ಹಾಕಿದರು. ಮೂತ್ರಪಿಂಡ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತದೆ ಎಂಬ ಅಂದಾಜು ಅದು, ಇಜಿಎಫ್‌ಆರ್. ಬಂದದ್ದು 49! ಇದೇ 1.2 ಇಪ್ಪತ್ತೈದರ ಹುಡುಗನದ್ದಾಗಿದ್ದರೆ 2021ರ ಸಿಕೆಡಿ-ಎಪಿ ಸೂತ್ರದಲ್ಲಿ ಸುಮಾರು 86 ಬರುತ್ತಿತ್ತಂತೆ. ಮೂರು ತಿಂಗಳಾದರೂ 60ರ ಕೆಳಗೇ ಉಳಿದರೆ ಅದು ದೀರ್ಘಕಾಲದ ಮೂತ್ರಪಿಂಡ ಕಾಯಿಲೆ. ಶಿಬಿರದವರಿಗೆ ಅದು ‘ನಾರ್ಮಲ್’.

ಕ್ರಿಯಾಟಿನಿನ್ ಹುಟ್ಟುವುದೇ ಮಾಂಸಖಂಡದಿಂದ. ಮೈಯಲ್ಲಿ ಮಾಂಸವೇ ಇಲ್ಲದ ಮುದುಕಿಯರಲ್ಲಿ ಕಿಡ್ನಿ ಸೋತರೂ ಅದು ಬೇಗ ಏರದು. ಅಂಥವರಿಗೆ ಸಿಸ್ಟಾಟಿನ್ ಸಿ ಪರೀಕ್ಷೆಯನ್ನೂ ಸೇರಿಸಿ ಲೆಕ್ಕ ಹಾಕಬೇಕೆಂದು 2024ರ ಕೆಡಿಗೊ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಅದು ದುಬಾರಿ, ಹೋಗಲಿ ಬಿಡಿ. ಇಜಿಎಫ್‌ಆರ್‌ಗೆ ಏನು ಖರ್ಚು? ಇನ್ನೊಂದು ತೊಟ್ಟು ರಕ್ತವೂ ಬೇಡ. ವಯಸ್ಸು, ಹೆಣ್ಣೋ ಗಂಡೋ ಎಂಬುದು ಚೀಟಿಯ ತಲೆಯಲ್ಲೇ ಇದೆ. ಶಾಲಿಗೆ, ಫ್ಲೆಕ್ಸಿಗೆ ಇದ್ದ ದುಡ್ಡು ಒಂದು ಸಾಲಿನ ಲೆಕ್ಕಕ್ಕೆ ಸಾಲದೇ ಹೋಯಿತೇ?

ಇನ್ನು ಮೂತ್ರ ಪರೀಕ್ಷೆಯ ಕತೆ. ಸಕ್ಕರೆ ಕಾಯಿಲೆಯವರಿಗೆ ವರ್ಷಕ್ಕೊಮ್ಮೆ ಮೂತ್ರದಲ್ಲಿ ಅಲ್ಬುಮಿನ್ ನೋಡಲೇಬೇಕು. ಎಷ್ಟೋ ಸಲ ರಕ್ತಕ್ಕಿಂತ ಮೊದಲೇ ಅದು ಸುಳಿವು ಕೊಡುತ್ತದೆ. ಮಂಟಪದ ಶೌಚಾಲಯಕ್ಕೆ ಬೀಗ ಹಾಕಿತ್ತು. ಮೂತ್ರಪಿಂಡದ ಶಿಬಿರ, ಮೂತ್ರಕ್ಕೆ ಜಾಗವಿಲ್ಲ! ಇದೂ ನಿಮ್ಮ ಸುದ್ದಿಯಲ್ಲಿ ಇರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಪೆನ್ನು ಹಿಡಿಯುತ್ತಿರಲಿಲ್ಲ. ಮಂಡಿನೋವು ಎಂದದ್ದಕ್ಕೆ, ‘ಕಿಡ್ನಿ ಚೆನ್ನಾಗಿದೆಯಲ್ಲಮ್ಮ’ ಎಂದು ಅಲ್ಲೇ ಡೈಕ್ಲೋಫೆನಾಕ್ ಮಾತ್ರೆಗಳನ್ನು ಧಾರಾಳವಾಗಿ ಕಟ್ಟಿಕೊಟ್ಟರು. ಸೋತ ಕಿಡ್ನಿಯನ್ನು ಇನ್ನಷ್ಟು ಕೆಡಿಸುವ ಮಾತ್ರೆಗಳಲ್ಲಿ ಅದೂ ಒಂದೆಂಬುದು ಔಷಧಿ ಅಂಗಡಿಯ ಹುಡುಗನಿಗೂ ಗೊತ್ತು. ಉಚಿತ ಸೇವೆ ಎಂದರೆ ಇದೇ ಏನೋ.

2016ರಿಂದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವಿದೆ, ಯಂತ್ರಗಳು ಬಂದಿವೆ, ಸಂತೋಷ. ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ ಅಲ್ಲಿ ಮಲಗುವ ಮುನ್ನ ಒಂದು ಲೆಕ್ಕ ಹಾಕಿ ಎಚ್ಚರಿಸಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ. ನಮ್ಮೂರವರು ಬಿಟ್ಟಿ ಸಿಕ್ಕರೆ ಏನನ್ನೂ ಕೇಳುವುದಿಲ್ಲ ಎಂಬ ಧೈರ್ಯ ಇವರಿಗೆ.

ರಾಜ್ಯದ ಎಲ್ಲ ಪ್ರಯೋಗಾಲಯಗಳೂ ಕ್ರಿಯಾಟಿನಿನ್ ಜೊತೆಗೇ ಇಜಿಎಫ್‌ಆರ್ ಮುದ್ರಿಸಿ ಕೊಡಬೇಕೆಂದು ಆರೋಗ್ಯ ಇಲಾಖೆ ಆದೇಶ ಹೊರಡಿಸಲಿ. ನೀವೂ ಅಷ್ಟೇ, ಮುಂದಿನ ಶಿಬಿರದ ಫೋಟೊ ಬಂದಾಗ ವರದಿಗಾರರಿಂದ ಎರಡು ಪ್ರಶ್ನೆ ಕೇಳಿಸಿ: ಇಜಿಎಫ್‌ಆರ್ ಕೊಟ್ಟಿರಾ, ಮೂತ್ರ ನೋಡಿದಿರಾ? ಎರಡಕ್ಕೂ ಇಲ್ಲವೆಂದರೆ ದಯವಿಟ್ಟು ಅದನ್ನು ಕಿಡ್ನಿ ತಪಾಸಣೆ ಎಂದು ಅಚ್ಚು ಹಾಕಬೇಡಿ.

– ನಿಮ್ಮ ಹಳೆಯ ಓದುಗ, ಹಾಸನ ಜಿಲ್ಲೆ